ಅಳೆಯುವ ಮುನ್ನ ಒಮ್ಮೆ ಡೆಸ್ಕಿಗೆ ಬನ್ನಿ

ಕರ್ನಾಟಕದ ವಿಶ್ವವಿದ್ಯಾಲಯಗಳ ಪತ್ರಿಕೋದ್ಯಮ ಮತ್ತು ಸಮೂಹ ಸಂವಹನ ಅಧ್ಯಯನ ವಿಭಾಗಗಳ ಮುಖ್ಯಸ್ಥರಿಗೆ ಹಾಗೂ ಪಿಎಚ್‌.ಡಿ. ಮಾರ್ಗದರ್ಶಕರಿಗೆ,

ಮಾನ್ಯರೇ,

ನಮಸ್ಕಾರ. ಕನ್ನಡ ದಿನಪತ್ರಿಕೆಯೊಂದರ ಜಿಲ್ಲಾ ಡೆಸ್ಕಿನಲ್ಲಿ, ಅಂದರೆ ವರದಿಗಾರರು ಕಳಿಸಿದ ಸುದ್ದಿಯನ್ನು ಆಯ್ದು ತಿದ್ದಿ ಜಿಲ್ಲೆಯ ಪುಟ ಕಟ್ಟುವ ವಿಭಾಗದಲ್ಲಿ, 22 ವರ್ಷಗಳಿಂದ ಉಪಸಂಪಾದಕನಾಗಿ ದುಡಿಯುತ್ತಿದ್ದೇನೆ. ಸಂಜೆ 4ಕ್ಕೆ ಕುರ್ಚಿ ಹಿಡಿದರೆ ಕೊನೆಯ ಪುಟ ಮುದ್ರಣಕ್ಕೆ ಹೋಗುವಾಗ ನಡುರಾತ್ರಿ ದಾಟಿರುತ್ತದೆ. ಇಷ್ಟು ವರ್ಷಗಳಲ್ಲಿ ನಿಮ್ಮ ವಿಭಾಗಗಳಿಂದ ಹತ್ತು ಹನ್ನೆರಡು ಮಂದಿ ಸಂಶೋಧನಾ ವಿದ್ಯಾರ್ಥಿಗಳು ನನ್ನ ಮೇಜಿನ ತನಕ ಬಂದಿದ್ದಾರೆ. ಯಾರನ್ನೂ ಬರಿಗೈಲಿ ಕಳಿಸಿಲ್ಲ. ಅವರಲ್ಲಿ ಐವರ ಪ್ರಬಂಧಗಳನ್ನು ಕೂತು ಪೂರ್ತಿ ಓದಿದ್ದೇನೆ. ಎರಡು ಬಹಿರಂಗ ಮೌಖಿಕ ಪರೀಕ್ಷೆಗಳಿಗೆ ರಜೆ ಹಾಕಿ ಹೋಗಿ ಬಂದಿದ್ದೇನೆ. ಪತ್ರಿಕೆಗಳ ಮೇಲೆ ಸಂಶೋಧನೆ ನಡೆಯಲೇಬೇಕು ಎಂದು ಮನಸಾರೆ ಬಯಸುವವನು ನಾನು. ನಾವು ದಿನವೂ ಬರೆಯುತ್ತೇವೆ; ಏನು ಬರೆದೆವು, ಯಾರನ್ನು ಬಿಟ್ಟೆವು ಎಂದು ಹಿಂತಿರುಗಿ ನೋಡಲು ನಮಗೆ ಪುರುಸೊತ್ತಿಲ್ಲ. ಆ ನೋಟ ನಿಮ್ಮಿಂದ ಬರಬೇಕು. ಅದು ಬರುತ್ತಿರುವ ರೀತಿ ನೋಡಿ ನೊಂದು ಈ ಪತ್ರ ಬರೆಯುತ್ತಿದ್ದೇನೆ. ನೋವು ಬಹಳ ದಿನದ್ದು. ಆದರೆ ಬರೆಯಲೇಬೇಕು ಅನ್ನಿಸಿದ್ದು ನಮ್ಮ ತಾಲ್ಲೂಕು ವರದಿಗಾರರೊಬ್ಬರಿಗೆ ಕಳೆದ ವರ್ಷ ಆದ ಅನ್ಯಾಯ ಕಂಡ ಮೇಲೆ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಒಂದು ಮೌಖಿಕ ಪರೀಕ್ಷೆಯ ಸಂಗತಿ. ಕನ್ನಡ ದಿನಪತ್ರಿಕೆಗಳು ಗ್ರಾಮೀಣ ಸುದ್ದಿಗೆ ಎಷ್ಟು ಜಾಗ ಕೊಡುತ್ತವೆ ಎಂಬುದು ಪ್ರಬಂಧದ ವಿಷಯ. ನಾಲ್ಕು ಪತ್ರಿಕೆ, ಆರು ತಿಂಗಳು, ಕಾಲಂ ಸೆಂಟಿಮೀಟರ್ (ಒಂದು ಕಾಲಂ ಅಗಲ, ಒಂದು ಸೆಂಟಿಮೀಟರ್ ಉದ್ದದ ಜಾಗ) ಲೆಕ್ಕದಲ್ಲಿ ಅಳತೆ. ವಿದ್ಯಾರ್ಥಿ ಬಹಳ ಶ್ರಮಪಟ್ಟಿದ್ದರು. ಸ್ಕೇಲ್ ಹಿಡಿದು ಒಂದೊಂದು ಸುದ್ದಿಯನ್ನೂ ಅಳೆದಿದ್ದರು. ರಾಯಚೂರು, ಯಾದಗಿರಿ, ಕೊಪ್ಪಳದಂಥ ಜಿಲ್ಲೆಗಳ ಹಳ್ಳಿಗಳಿಗೆ ಪತ್ರಿಕೆಗಳಲ್ಲಿ ಜಾಗವೇ ಇಲ್ಲ ಎಂಬುದು ಅವರು ಕಂಡುಕೊಂಡ ಮುಖ್ಯ ಸಂಗತಿ. ಸಭಿಕರಿಗೆ ಪ್ರಶ್ನೆ ಕೇಳಲು ಅವಕಾಶ ಕೊಟ್ಟಾಗ ನಾನು ಎದ್ದು ನಿಂತು, ‘ಯಾವ ಆವೃತ್ತಿ ಅಳೆದಿರಿ?’ ಎಂದು ಕೇಳಿದೆ. ಆ ಹುಡುಗನಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಮಾರ್ಗದರ್ಶಕರತ್ತ ನೋಡಿದ. ಅವರು, ‘ನಮ್ಮ ಗ್ರಂಥಾಲಯಕ್ಕೆ ಬರುವ ಪತ್ರಿಕೆ’ ಎಂದರು. ಗ್ರಂಥಾಲಯಕ್ಕೆ ಬರುತ್ತಿದ್ದದ್ದು ನಗರ ಆವೃತ್ತಿ.

ಮಾನ್ಯರೇ, ಒಂದೇ ಹೆಸರು, ಒಂದೇ ದಿನಾಂಕ ಹೊತ್ತ ಪತ್ರಿಕೆ ಒಂದೇ ವಸ್ತು ಅಲ್ಲ. ಮುಖಪುಟದ ಬಹುಪಾಲು, ಸಂಪಾದಕೀಯ ಪುಟ, ಕ್ರೀಡೆ, ವಾಣಿಜ್ಯ ಇವು ಎಲ್ಲ ಕಡೆಗೂ ಒಂದೇ ಇರಬಹುದು. ಒಳಗಿನ ಮೂರು ನಾಲ್ಕು ಪುಟ ಜಿಲ್ಲೆಯಿಂದ ಜಿಲ್ಲೆಗೆ ಬದಲಾಗುತ್ತವೆ. ತುಂಗಭದ್ರಾ ಎಡದಂಡೆ ನಾಲೆಯ ಕೊನೆ ಭಾಗಕ್ಕೆ ನೀರು ಬಂದಿಲ್ಲ ಎಂದು ರೈತರು ರಸ್ತೆಗಿಳಿದರೆ ಅದು ರಾಯಚೂರಿನ ಪುಟದಲ್ಲಿ ಫೋಟೊ ಸಮೇತ ಲೀಡ್, ಅಂದರೆ ಪುಟದ ಮುಖ್ಯ ಸುದ್ದಿ ಆಗುತ್ತದೆ. ಅದೇ ದಿನ ಅದೇ ಪತ್ರಿಕೆಯನ್ನು ಬೆಂಗಳೂರಿನಲ್ಲಿ ಬಿಡಿಸಿ ನೋಡಿದವರಿಗೆ ಆ ಧರಣಿಯ ಒಂದಕ್ಷರವೂ ಕಾಣಿಸುವುದಿಲ್ಲ. ಅಷ್ಟೇ ಅಲ್ಲ, ದೂರದ ತಾಲ್ಲೂಕುಗಳ ಬಂಡಲ್ ಹೊತ್ತ ವಾಹನ ಮೊದಲು ಹೊರಡಬೇಕಾದ್ದರಿಂದ ಆ ಪುಟಗಳು ಬೇಗ ಮುಗಿಯುತ್ತವೆ, ನಗರದ ಪುಟಗಳು ತಡವಾಗಿ. ಹಾಗಾಗಿ ಲಿಂಗಸುಗೂರಿನಲ್ಲಿ ರಾತ್ರಿ 11ಕ್ಕೆ ದೊಡ್ಡ ಅಪಘಾತವಾದರೆ ಅದನ್ನು ಬೆಂಗಳೂರಿನವರು ಬೆಳಿಗ್ಗೆ ಓದುತ್ತಾರೆ, ಲಿಂಗಸುಗೂರಿನವರು ಅದರ ಮರುದಿನ ಓದುತ್ತಾರೆ. ಡೆಸ್ಕಿನಲ್ಲಿ ಒಂದು ವಾರ ಕೂತವರಿಗೂ ಇದು ಗೊತ್ತು.

ಹಳ್ಳಿಯ ಸುದ್ದಿಗೆ ಜಾಗ ಇಲ್ಲ ಎಂಬ ತೀರ್ಮಾನ ಹಾಗಾಗಿ ತಪ್ಪು. ನಿಜವಾದ ಸಂಗತಿ ಅದಕ್ಕಿಂತ ಗಂಭೀರ. ಹಳ್ಳಿಯ ಸುದ್ದಿ ಅಚ್ಚಾಗುತ್ತದೆ, ಆದರೆ ಜಿಲ್ಲೆಯ ಗಡಿ ದಾಟುವುದಿಲ್ಲ. ನಾಲೆಯ ಕೊನೆ ಭಾಗದ ರೈತನ ಗೋಳನ್ನು ನಾಲೆಯ ಕೊನೆ ಭಾಗದ ರೈತನೇ ಓದುತ್ತಾನೆ. ನೀರು ಬಿಡುವ ಅಧಿಕಾರ ಇರುವವರು ಕೂರುವ ಊರಿನಲ್ಲಿ ಆ ಪುಟವೇ ಇರುವುದಿಲ್ಲ. ಹಿಂದಿ ಪತ್ರಿಕೆಗಳು ಜಿಲ್ಲೆ ಜಿಲ್ಲೆಗೆ ಆವೃತ್ತಿ ತೆರೆದಾಗ ಏನೇನಾಯಿತು ಎಂದು ಪತ್ರಕರ್ತೆ ಸೇವಂತಿ ನೈನನ್ ಊರೂರು ತಿರುಗಿ ನೋಡಿ 2007ರಲ್ಲೇ ಪುಸ್ತಕ ಮಾಡಿದರು. ಕನ್ನಡದಲ್ಲಿ ಆಗಬೇಕಿದ್ದ ಅಂಥ ಸಂಶೋಧನೆ ಆ ವಿದ್ಯಾರ್ಥಿಯ ಸ್ಕೇಲಿನ ಪಕ್ಕದಲ್ಲೇ ಬಿದ್ದಿತ್ತು. ಅವನಿಗೆ ಅದನ್ನು ತೋರಿಸುವವರು ಇರಲಿಲ್ಲ. ಅಂದು ಶಾಲು, ಹಾರ, ಚಪ್ಪಾಳೆ ಎಲ್ಲ ಆಯಿತು. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ನಾಲ್ಕು ವರ್ಷ ಅವನ ಸಾರಾಂಶಗಳಿಗೆ, ಪ್ರಗತಿ ವರದಿಗಳಿಗೆ ಸಹಿ ಹಾಕಿದವರು ಒಮ್ಮೆಯೂ ‘ಆ ಪುಟ ರಾಯಚೂರಿನಲ್ಲಿ ಹೇಗಿರುತ್ತದೆ, ಹೋಗಿ ನೋಡಿ ಬಾ’ ಎನ್ನಲಿಲ್ಲವಲ್ಲ, ನನ್ನ ದೂರು ಅದರ ಬಗ್ಗೆ.

ಎರಡನೆಯದು ಪ್ರಶ್ನಾವಳಿ. ನಮ್ಮ ಕಚೇರಿಗೆ ಬರುವ ಪ್ರಶ್ನಾವಳಿಗಳೆಲ್ಲ ಅಕ್ಕತಂಗಿಯರಂತೆ ಇರುತ್ತವೆ. ನಲವತ್ತು ಐವತ್ತು ಪ್ರಶ್ನೆ, ಪ್ರತಿಯೊಂದರ ಎದುರು ‘ಸಂಪೂರ್ಣ ಒಪ್ಪುತ್ತೇನೆ’ಯಿಂದ ‘ಸಂಪೂರ್ಣ ಒಪ್ಪುವುದಿಲ್ಲ’ದ ತನಕ ಐದು ಚೌಕ. ಪ್ರಶ್ನೆಗಳು ಇಂಗ್ಲಿಷಿನಲ್ಲಿ ಹುಟ್ಟಿದವು ಎಂಬುದು ಮೊದಲ ಸಾಲಿಗೇ ತಿಳಿಯುತ್ತದೆ. ‘ನಿಮ್ಮ ಸಂಸ್ಥೆಯಲ್ಲಿ ಸುದ್ದಿ ಆಯ್ಕೆಯ ಮೇಲೆ ದ್ವಾರಪಾಲಕರ ಪ್ರಭಾವ ಎಷ್ಟು?’ ಎಂಬ ಪ್ರಶ್ನೆಯನ್ನು ಓದಿದ ನಮ್ಮ ಪುಟ ವಿನ್ಯಾಸಕಾರರು ಗೇಟಿನಲ್ಲಿ ಕೂರುವ ಸೆಕ್ಯುರಿಟಿಯವರ ಬಗ್ಗೆ ಕೇಳಿದ್ದಾರೆಂದು ತಿಳಿದು ‘ಸಂಪೂರ್ಣ ಒಪ್ಪುವುದಿಲ್ಲ’ಕ್ಕೆ ಟಿಕ್ ಹಾಕಿದರು. ಆ ಟಿಕ್ ಈಗ ಯಾವುದೋ ಪ್ರಬಂಧದ ಶೇಕಡಾವಾರು ಲೆಕ್ಕದೊಳಗೆ ಸೇರಿಕೊಂಡಿದೆ. ಅದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

‘ದ್ವಾರಪಾಲಕ’ರೆಂದರೆ ಯಾವ ಸುದ್ದಿ ಒಳಗೆ, ಯಾವುದು ಹೊರಗೆ ಎಂದು ನಿರ್ಧರಿಸುವವರು. ಆ ಮಾತು ಸುದ್ದಿಯ ಅಧ್ಯಯನಕ್ಕೆ ಹೇಗೆ ಬಂತು ಎಂಬುದನ್ನು ನೀವೆಲ್ಲ ಪಾಠ ಮಾಡಿದ್ದೀರಿ. ಅಮೆರಿಕದ ಡೇವಿಡ್ ಮ್ಯಾನಿಂಗ್ ವೈಟ್ 1950ರಲ್ಲಿ ಪ್ರಕಟಿಸಿದ ಲೇಖನ. ಆತ ನೂರಾರು ಜನರಿಗೆ ಪ್ರಶ್ನಾವಳಿ ಹಂಚಲಿಲ್ಲ. ಮಧ್ಯಮ ಗಾತ್ರದ ನಗರವೊಂದರ ಪತ್ರಿಕೆಯಲ್ಲಿ ಸುದ್ದಿಸಂಸ್ಥೆಗಳ ಸುದ್ದಿ ಆಯುವ ಒಬ್ಬನೇ ಒಬ್ಬ ಸಂಪಾದಕನನ್ನು ಹಿಡಿದ. 1949ರ ಫೆಬ್ರುವರಿಯ ಒಂದು ವಾರ, ಕೈಬಿಟ್ಟ ಪ್ರತಿಯೊಂದು ಕಾಪಿಯನ್ನೂ (ಸುದ್ದಿಯ ಬರಹವನ್ನೂ) ಎತ್ತಿಡು, ಯಾಕೆ ಬಿಟ್ಟೆ ಎಂದು ಅದರ ಮೇಲೆ ಬರೆದಿಡು ಎಂದು ಕೇಳಿಕೊಂಡ. ಬಂದ ಸುದ್ದಿಯಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಕಸದ ಬುಟ್ಟಿಗೆ ಹೋಗಿತ್ತು. ಆ ಕಾಪಿಗಳ ಮೇಲಿನ ಗೀಚುಗಳನ್ನು ಓದಿದಾಗಲೇ ಒಬ್ಬ ಸಂಪಾದಕನ ಇಷ್ಟಾನಿಷ್ಟಗಳು ಊರಿನ ಸುದ್ದಿಯನ್ನು ಹೇಗೆ ನಿರ್ಧರಿಸುತ್ತವೆ ಎಂದು ಗೊತ್ತಾದದ್ದು. ಒಬ್ಬ ಮನುಷ್ಯ, ಒಂದು ವಾರ. ಆ ಲೇಖನದಿಂದ ಒಂದು ಪಾರಿಭಾಷಿಕ ಪದ ತಂದೆವು. ಅವನು ಮಾಡಿದ ಕೆಲಸವನ್ನು ತರಲಿಲ್ಲ.

ಮೂರು ವರ್ಷದ ಹಿಂದೆ ನಾನೇ ಒಂದು ವಾರ ಇದನ್ನು ಮಾಡಿ ನೋಡಿದೆ. 200 ಪುಟದ ಒಂದು ನೋಟ್‌ಬುಕ್ ತಂದು, ನಮ್ಮ ತಾಲ್ಲೂಕು ವರದಿಗಾರರು ಇಮೇಲ್‌ನಲ್ಲಿ, ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದರಲ್ಲಿ ನಾನು ಬಿಟ್ಟ ಪ್ರತಿ ಸುದ್ದಿಯ ಮುಂದೆ ಬಿಟ್ಟ ಕಾರಣ ಬರೆದೆ. ‘ಮಹತ್ವವಿಲ್ಲ’ ಎಂದು ಬರೆದದ್ದು ತೀರಾ ಕಡಿಮೆ. ಪುಟ ತಿರುವಿದರೆ ಮತ್ತೆ ಮತ್ತೆ ಕಾಣುವ ಕಾರಣ ‘ಜಾಹೀರಾತು ಬಂತು’. ಆಮೇಲೆ ‘ಫೋಟೊ ಇಲ್ಲ’, ‘ಇದೇ ತಾಲ್ಲೂಕಿನದು ಆಗಲೇ ಎರಡು ಹೋಗಿದೆ’, ‘ಎರಡನೇ ಕಡೆಯವರ ಮಾತಿಲ್ಲ, ವರದಿಗಾರ ಫೋನ್ ಎತ್ತಲಿಲ್ಲ’. ಗುರುವಾರದ ಸಾಲಿನಲ್ಲಿ ಹೀಗಿದೆ: ಅಂಗನವಾಡಿಯ ಚಾವಣಿ ಕುಸಿಯುವ ಸ್ಥಿತಿ, ಗ್ರಾಮಸ್ಥರ ಮನವಿ, ಬಿಟ್ಟ ಕಾರಣ, ರಾತ್ರಿ 8.40ಕ್ಕೆ ಅರ್ಧ ಪುಟದ ಹುಟ್ಟುಹಬ್ಬದ ಜಾಹೀರಾತು. ಮರುದಿನ ಅದನ್ನು ಹಾಕೋಣ ಎಂದುಕೊಂಡಿದ್ದೆ. ಮರುದಿನದ ಸಾಲುಗಳಲ್ಲಿ ಅದು ಇಲ್ಲ. ನನಗೆ ಮರೆತೇ ಹೋಗಿತ್ತು.

ಇನ್ನು ಭಾಷೆಯ ಮಾತು. ಇದು ನನಗೆ ಎಲ್ಲಕ್ಕಿಂತ ಹತ್ತಿರದ ವಿಷಯ, ಸ್ವಲ್ಪ ದೀರ್ಘವಾದರೆ ಕ್ಷಮಿಸಿ.

ಡೆಸ್ಕಿಗೆ ಸೇರಿದ ಹೊಸತರಲ್ಲಿ ಒಂದು ಅಪಘಾತದ ಕಾಪಿ ನನ್ನ ಕೈಗೆ ಬಂತು. ಕಾರು ಬೈಕಿಗೆ ಡಿಕ್ಕಿಯಾಗಿ ಇಬ್ಬರು ಸತ್ತಿದ್ದರು. ಕಾರಿನಲ್ಲಿದ್ದವರು ಗುತ್ತಿಗೆದಾರರು. ಅವರು ‘ಮೃತಪಟ್ಟಿದ್ದಾರೆ’. ಬೈಕಿನಲ್ಲಿದ್ದವರು ಗಾರೆ ಕೆಲಸದವರು. ಅವರು ‘ಸ್ಥಳದಲ್ಲೇ ಸಾವಿಗೀಡಾಗಿದ್ದಾನೆ’. ಒಂದೇ ಕಾಪಿ, ಒಂದೇ ರಸ್ತೆ, ಒಂದೇ ಗಳಿಗೆ. ‘ದ್ದಾನೆ’ಯನ್ನು ‘ದ್ದಾರೆ’ ಮಾಡಲು ಕೀಬೋರ್ಡಿನಲ್ಲಿ ಒಂದಕ್ಷರ ಬದಲಿಸಿದರೆ ಸಾಕು. ನಾನು ಬದಲಿಸಿದೆ. ಪಕ್ಕದ ಹಿರಿಯರು ನೋಡಿ, ‘ಅದು ರೂಢಿ ಕಣಪ್ಪಾ, ಹಾಗೇ ಬಿಡು’ ಎಂದರು. ಅವರು ಕೆಟ್ಟವರಲ್ಲ. ಅವರಿಗೂ ಹಾಗೆಯೇ ಕಲಿಸಲಾಗಿತ್ತು. ಈಗ ನಮ್ಮ ಡೆಸ್ಕಿನಲ್ಲಿ ಸತ್ತವರೆಲ್ಲರಿಗೂ ಬಹುವಚನ. ಆ ಬದಲಾವಣೆಗೆ ಎಷ್ಟೋ ರಾತ್ರಿಗಳ ಜಗಳ ಬೇಕಾಯಿತು. ಆದರೂ ಗಣ್ಯರದ್ದು ‘ನಿಧನ’, ಕೂಲಿಯವರದ್ದು ‘ಸಾವು’ ಎಂಬ ಭೇದ ಇನ್ನೂ ಪೂರ್ತಿ ಹೋಗಿಲ್ಲ. ಕಳ್ಳತನದ ಆರೋಪದಲ್ಲಿ ಸಿಕ್ಕಿಬಿದ್ದ ಹುಡುಗ ತೀರ್ಪು ಬರುವ ಮೊದಲೇ ‘ಅವನು’. ಕೋಟಿಗಟ್ಟಲೆ ವಂಚನೆಯ ಆರೋಪ ಹೊತ್ತವರು ಜೈಲಿಗೆ ಹೋದ ಮೇಲೂ ‘ಅವರು’.

ಯಾವ ಪತ್ರಿಕೆ ಯಾವಾಗ ಯಾರಿಗೆ ಬಹುವಚನ ಕೊಟ್ಟಿತು? 1950ರ ದಶಕದ ಸಂಪುಟಗಳಲ್ಲಿ ಹೇಗಿತ್ತು, ರೈತ ಚಳವಳಿ ದಲಿತ ಚಳವಳಿಗಳ ನಂತರ ಏನಾಯಿತು? ಹೆಣ್ಣುಮಕ್ಕಳು ಡೆಸ್ಕಿಗೆ ಬಂದ ಮೇಲೆ ‘ಆಕೆ’, ‘ಅವಳು’, ‘ಮಹಿಳೆ’, ‘ಹೆಂಗಸು’ ಎಂಬ ಪದಗಳು ಹೇಗೆ ಬದಲಾದವು? ಒಂದು ಕ್ರಿಯಾಪದದ ಕೊನೆಯಕ್ಷರವನ್ನೇ ಹಿಡಿದು ಕನ್ನಡ ಸಮಾಜದ ಎಪ್ಪತ್ತು ವರ್ಷಗಳ ಚರಿತ್ರೆ ಬರೆಯಬಹುದು. ನಾನು ಓದಿದ ಐದೂ ಪ್ರಬಂಧಗಳಲ್ಲಿ ಇದರ ಸುಳಿವಿಲ್ಲ, ಇರಲು ಸಾಧ್ಯವೂ ಇಲ್ಲ. ಐದೂ ಇಂಗ್ಲಿಷಿನಲ್ಲಿವೆ. ಕನ್ನಡದ ಶೀರ್ಷಿಕೆಗಳನ್ನು ಮೊದಲು ಇಂಗ್ಲಿಷಿಗೆ ಅನುವಾದಿಸಿ, ಆಮೇಲೆ ವರ್ಗೀಕರಿಸಲಾಗಿದೆ. ಇಂಗ್ಲಿಷಿಗೆ ಹೋದ ಕೂಡಲೇ ಏಕವಚನ ಬಹುವಚನದ ಗೌರವ ಅಗೌರವ ಮಾಯ. ಒಂದು ಪ್ರಬಂಧದ ಅನುಬಂಧದಲ್ಲಿ ಸಚಿವರ ‘ಕಿಡಿ’, ವಿರೋಧ ಪಕ್ಷದ ನಾಯಕರ ‘ಗುಡುಗು’, ಜಿಲ್ಲಾಧಿಕಾರಿಯ ‘ತರಾಟೆ’, ಗ್ರಾಮಸ್ಥರ ‘ಆಕ್ರೋಶ’ ಇವೆಲ್ಲವೂ ‘ಟೀಕಿಸಿದರು’ ಎಂಬ ಅರ್ಥದ ಒಂದೇ ಇಂಗ್ಲಿಷ್ ಪದವಾಗಿದ್ದವು. ಅಧಿಕಾರ ಇದ್ದವರಿಗೆ ಕಿಡಿ ಮತ್ತು ತರಾಟೆ, ಇಲ್ಲದವರಿಗೆ ಆಕ್ರೋಶ ಮತ್ತು ಅಳಲು ಎಂದು ಹಂಚಿದವರು ನಾವೇ, ಡೆಸ್ಕಿನವರು. ‘ನೇಣಿಗೆ ಶರಣು’ ಎಂಬ ಮಾತನ್ನು ದಶಕಗಟ್ಟಲೆ ರೈತರ ಆತ್ಮಹತ್ಯೆಯ ಶೀರ್ಷಿಕೆಗೆ ಬಳಸಿದವರೂ ನಾವೇ. ಶರಣರ ನಾಡಿನಲ್ಲಿ ಆ ಪದಕ್ಕಿರುವ ತೂಕವನ್ನು ಸಾಲದ ನೇಣಿಗೆ ಕಟ್ಟಿದ್ದು ಸರಿಯೇ ಎಂದು ನಮ್ಮನ್ನು ಯಾರಾದರೂ ಕೇಳಬೇಕಿತ್ತು. ನೀವು ಕೇಳಬೇಕಿತ್ತು.

ಒಳ್ಳೆಯ ಕೆಲಸ ಆಗಿಯೇ ಇಲ್ಲ ಎಂದು ನಾನು ಹೇಳುತ್ತಿಲ್ಲ. 1951ರಲ್ಲೇ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪತ್ರಿಕೋದ್ಯಮ ವಿಭಾಗ ಶುರುವಾಯಿತು. ಅದನ್ನು ಕಟ್ಟಿದ ನಾಡಿಗ ಕೃಷ್ಣಮೂರ್ತಿಯವರು ಭಾರತದ ಪತ್ರಿಕೋದ್ಯಮದ ಚರಿತ್ರೆಯನ್ನು 1960ರ ದಶಕದಲ್ಲೇ ಬರೆದರು. ರಾಬಿನ್ ಜೆಫ್ರಿ ಎಂಬ ವಿದ್ವಾಂಸರು 1990ರ ದಶಕದಲ್ಲಿ ಭಾರತೀಯ ಭಾಷೆಗಳ ಪತ್ರಿಕಾ ಕಚೇರಿಗಳನ್ನು ಒಂದೊಂದಾಗಿ ಹತ್ತಿಳಿದು, ಮಾಲೀಕರು, ಸಂಪಾದಕರು, ಜಾಹೀರಾತು ವಿಭಾಗದವರನ್ನು ಮಾತಾಡಿಸಿ 2000ದಲ್ಲಿ ಪುಸ್ತಕ ತಂದರು. ಸಹನಾ ಉಡುಪ ಅವರು ಬೆಂಗಳೂರಿನ ಇಂಗ್ಲಿಷ್ ಮತ್ತು ಕನ್ನಡ ಪತ್ರಿಕೆಗಳ ಒಳಗೆ ಓಡಾಡಿ ಬರೆದ ಪುಸ್ತಕ 2015ರಲ್ಲಿ ಹೊರಬಂತು. ಕಚೇರಿಯ ಒಳಹೊಕ್ಕು ನೋಡಬಹುದು ಎಂಬುದಕ್ಕೆ ಇವೇ ಸಾಕ್ಷಿ. ಆದರೆ ತಾಲ್ಲೂಕಿನ ಮಟ್ಟಕ್ಕೆ ಇಳಿಯಬಲ್ಲವರು, ಸಿಂಧನೂರಿನ ಬಸ್‌ ನಿಲ್ದಾಣದಲ್ಲಿ ಬೆಳಿಗ್ಗೆ 5ಕ್ಕೆ ಬಂಡಲ್ ಬಿಚ್ಚುವ ಏಜೆಂಟರ ಪಕ್ಕ ಕೂತು ಅವರ ಕನ್ನಡದಲ್ಲೇ ಮಾತಾಡಬಲ್ಲವರು ನಿಮ್ಮ ವಿದ್ಯಾರ್ಥಿಗಳು. ಅವರಲ್ಲಿ ಎಷ್ಟೋ ಮಂದಿ ಅಂಥ ಊರುಗಳಿಂದಲೇ ಬಂದವರು. ಆ ಬಲವನ್ನು ಬಿಟ್ಟು ಅವರ ಕೈಗೆ ಸ್ಕೇಲ್ ಮಾತ್ರ ಕೊಡುತ್ತಿದ್ದೀರಿ.

ನಮ್ಮ ಕಡೆಯ ತಪ್ಪನ್ನೂ ಹೇಳಬೇಕು. ಸಂಶೋಧಕರು ಒಳಗೆ ಬರುತ್ತಾರೆಂದರೆ ಆಡಳಿತ ಮಂಡಳಿಗಳಿಗೆ ಭಯ. ನಿಮ್ಮ ವಿಭಾಗದ ಅನುಮತಿ ಕೋರಿಕೆ ಪತ್ರ ಎಷ್ಟೋ ತಿಂಗಳು ಮಾನವ ಸಂಪನ್ಮೂಲದವರ ಮೇಜಿನ ಮೇಲೆ ಬಿದ್ದಿರುತ್ತದೆ. ಎಲ್ಲ ಇಲಾಖೆಗಳ ಬಾಗಿಲು ತಟ್ಟಿ ಮಾಹಿತಿ ಕೇಳುವ ನಾವು ನಮ್ಮ ಬಾಗಿಲನ್ನು ಮುಚ್ಚಿಕೊಳ್ಳುವುದು ನ್ಯಾಯವಲ್ಲ ಎಂದು ನಾನು ಕಚೇರಿಯಲ್ಲೂ ಹೇಳಿದ್ದೇನೆ, ಇಲ್ಲಿಯೂ ಹೇಳುತ್ತೇನೆ.

ಇನ್ನು ಆ ತಾಲ್ಲೂಕು ವರದಿಗಾರರ ವಿಷಯ. ಅವರ ಹೆಸರು, ಊರು ಬರೆಯುವುದಿಲ್ಲ. ನಮ್ಮ ಕ್ಷೇತ್ರದಲ್ಲಿ ಅರೆಕಾಲಿಕ ವರದಿಗಾರರ ಬದುಕು ಹೇಗಿದೆ ಎಂದು ನಿಮಗೆ ತಿಳಿದಿರಬಹುದು. ತಿಂಗಳಿಗೆ ಒಂದಿಷ್ಟು ಗೌರವಧನ, ಪೆಟ್ರೋಲಿಗೂ ಸಾಲದ್ದು. ಜೊತೆಗೆ ದೀಪಾವಳಿ, ರಾಜ್ಯೋತ್ಸವ ಬಂತೆಂದರೆ ಪುರವಣಿಗೆ ಇಷ್ಟು ಜಾಹೀರಾತು ತರಬೇಕೆಂಬ ಗುರಿ. ಮೊನ್ನೆ ಯಾರ ಅಕ್ರಮದ ಬಗ್ಗೆ ಬರೆದಿದ್ದರೋ ಇವತ್ತು ಅವರ ಮನೆ ಮುಂದೆಯೇ ಶುಭಾಶಯದ ಜಾಹೀರಾತಿಗೆ ನಿಲ್ಲಬೇಕು. ಈ ವರದಿಗಾರರು ಬೇಕರಿ ಇಟ್ಟುಕೊಂಡು ಸಂಸಾರ ನಡೆಸುತ್ತಾ, ಹದಿನಾಲ್ಕು ವರ್ಷದಿಂದ ಸುದ್ದಿ ಕಳಿಸುತ್ತಿದ್ದವರು. ಒಬ್ಬ ಸಂಶೋಧಕರು ಬಂದು ಎರಡು ಗಂಟೆ ಮಾತಾಡಿಸಿದರು. ‘ನಿಮ್ಮ ಹೆಸರು ಎಲ್ಲೂ ಬರಲ್ಲ ಸರ್’ ಎಂದು ಮಾತು ಕೊಟ್ಟರು. ವರದಿಗಾರರು ನಂಬಿ ಎಲ್ಲ ಹೇಳಿದರು: ಗೌರವಧನ ಎಷ್ಟು, ಜಾಹೀರಾತಿನ ಗುರಿ ಎಷ್ಟು, ಯಾವ ಸುದ್ದಿ ಯಾಕೆ ನಿಂತಿತು.

ಪ್ರಬಂಧದಲ್ಲಿ ಹೆಸರು ಬರಲಿಲ್ಲ, ನಿಜ. ಆದರೆ ತಾಲ್ಲೂಕಿನ ಹೆಸರು, ‘ಹದಿನಾಲ್ಕು ವರ್ಷದ ಅನುಭವ’, ‘ಬೇಕರಿ ನಡೆಸುವ ಅರೆಕಾಲಿಕ ವರದಿಗಾರ’ ಎಂಬ ಮೂರೂ ವಿವರ ಬಂದವು. ಆ ತಾಲ್ಲೂಕಿನಲ್ಲಿ ಅಂಥವರು ಒಬ್ಬರೇ. ಪ್ರಬಂಧ ಅಂತರ್ಜಾಲಕ್ಕೆ ಏರಿತು. ಯಾರೋ ಆ ಪುಟದ ಫೋಟೊ ತೆಗೆದು ಪತ್ರಕರ್ತರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರು. ಎರಡು ವಾರದಲ್ಲಿ ಅವರಿಗೆ, ಇನ್ನು ಸುದ್ದಿ ಕಳಿಸುವುದು ಬೇಡ ಎಂದು ಫೋನ್ ಬಂತು. ಆ ಸಂಶೋಧಕರಿಗೆ ವಿಷಯ ತಿಳಿಸಿದೆ. ಅವರು ನಿಜವಾಗಿಯೂ ನೊಂದುಕೊಂಡರು; ಹೀಗಾಗಬಹುದೆಂದು ತಮಗೆ ಯಾರೂ ಹೇಳಿಕೊಟ್ಟಿರಲಿಲ್ಲ ಎಂದರು. ವಿಭಾಗಕ್ಕೆ ಎರಡು ಪತ್ರ ಬರೆದೆ, ಉತ್ತರ ಬಂದಿಲ್ಲ. ಆ ಪುಟ ಈಗಲೂ ಹಾಗೆಯೇ ಇದೆ. ನಾನು ಮೊನ್ನೆ ಬೇಕರಿಗೆ ಹೋದಾಗ ಅವರು ಹಳೆಯ ಗುರುತಿನ ಚೀಟಿಯನ್ನು ಗಲ್ಲಾಪೆಟ್ಟಿಗೆಯ ಡ್ರಾಯರ್‌ನಿಂದ ತೆಗೆದು ತೋರಿಸಿದರು. ‘ವಾಪಸ್ ಕೊಡಿ ಅಂತ ಯಾರೂ ಕೇಳಲೂ ಇಲ್ಲ ಸರ್’ ಎಂದರು.

ಪ್ರಬಂಧಗಳೆಲ್ಲ ಶೋಧಗಂಗಾದಂಥ ಅಂತರ್ಜಾಲದ ಪ್ರಬಂಧ ಭಂಡಾರದಲ್ಲಿ ಯಾರಿಗೆ ಬೇಕಾದರೂ ಸಿಗುತ್ತಿರುವುದು ಒಳ್ಳೆಯದೇ. ನಾನೂ ಅಲ್ಲಿಂದಲೇ ಓದಿದವನು. ಆದರೆ ಕಪಾಟಿನಲ್ಲಿ ಮುಚ್ಚಿಟ್ಟ ಕಾಲದ ಎಚ್ಚರ ಈಗ ಸಾಲದು. ಅರೆಕಾಲಿಕ ವರದಿಗಾರರ ಬಗ್ಗೆ ಸಂಶೋಧನೆ ಮಾಡಬೇಡಿ ಎಂದಲ್ಲ, ಖಂಡಿತ ಮಾಡಿ. ಪತ್ರಕರ್ತರು ಮತ್ತು ಪತ್ರಿಕಾ ನೌಕರರ ಸಂಬಳದ ಬಗ್ಗೆ ಮಜೀಠಿಯಾ ವೇತನ ಮಂಡಳಿ ಮಾಡಿದ ಶಿಫಾರಸುಗಳನ್ನು ಸುಪ್ರೀಂ ಕೋರ್ಟ್ 2014ರ ಫೆಬ್ರುವರಿಯಲ್ಲಿ ಎತ್ತಿಹಿಡಿಯಿತು. ಅದರ ಫಲ ತಾಲ್ಲೂಕಿನ ತನಕ ಎಷ್ಟು ಇಳಿಯಿತು? ‘ಕಾಸಿಗಾಗಿ ಸುದ್ದಿ’ಯ (ಹಣ ಪಡೆದು ಸುದ್ದಿಯ ವೇಷದಲ್ಲಿ ಪ್ರಚಾರ ಅಚ್ಚು ಹಾಕುವುದರ) ಬಗ್ಗೆ ಭಾರತೀಯ ಪತ್ರಿಕಾ ಮಂಡಳಿ ನೇಮಿಸಿದ ಉಪಸಮಿತಿ 2010ರಲ್ಲಿ ವರದಿ ಕೊಟ್ಟಿತು. ಆಮೇಲೆ ನಮ್ಮ ಜಿಲ್ಲೆಗಳ ಚುನಾವಣಾ ಪುಟಗಳಲ್ಲಿ ಏನು ಬದಲಾಯಿತು? 1996ರಲ್ಲಿ ಪತ್ರಕರ್ತ ಬಿ.ಎನ್. ಉನಿಯಾಲ್ ದೆಹಲಿಯ ಮಾನ್ಯತೆ ಪಡೆದ ಪತ್ರಕರ್ತರ ಪಟ್ಟಿ ಹಿಡಿದು ದಲಿತ ಪತ್ರಕರ್ತರನ್ನು ಹುಡುಕಿದರು, ಒಬ್ಬರೂ ಸಿಗಲಿಲ್ಲ. ಇಂದು ಕನ್ನಡದ ಡೆಸ್ಕುಗಳಲ್ಲಿ ಯಾರು ಕೂತಿದ್ದಾರೆ? ಈ ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲವರು ಬೇಕರಿಯ ಹಿಂದೆ ಕೂತ ಅಂಥವರೇ. ಅವರು ಇನ್ನೊಮ್ಮೆ ಬಾಯಿ ಬಿಡಬೇಕಾದರೆ ನಿಮ್ಮ ಮೇಲೆ ನಂಬಿಕೆ ಇರಬೇಕು.

ಕೊನೆಯದಾಗಿ ಹಳೆಯ ಸಂಪುಟಗಳು. ನಮ್ಮ ಪಕ್ಕದ ಊರಿನಲ್ಲಿ ಒಂದು ಜಿಲ್ಲಾ ಪತ್ರಿಕೆ ಇತ್ತು. ಸಂಪಾದಕರು ತೀರಿಕೊಂಡ ಮೇಲೆ ನಿಂತುಹೋಯಿತು. ಮನೆ ಮಾರುವಾಗ ಮಕ್ಕಳು ಸಂಪುಟಗಳನ್ನೆಲ್ಲ ರದ್ದಿಯವರಿಗೆ ಕೊಡುತ್ತಿದ್ದಾರೆ ಎಂದು ಸುದ್ದಿ ತಿಳಿದು ನಾನು ಓಡಿದೆ. ಅಷ್ಟರಲ್ಲಿ ಟೆಂಪೊ ಹೋಗಿಯಾಗಿತ್ತು. ಅಂಗಳದಲ್ಲಿ ಎರಡು ಸಂಪುಟ ಉಳಿದಿದ್ದವು. ಬೈಂಡಿಂಗ್ ದಾರ ಗೆದ್ದಲು ತಿಂದಿತ್ತು. ಒಂದನ್ನು ಬಿಡಿಸಿದರೆ ಮಡಿಕೆಯ ಜಾಗದಲ್ಲಿ ಹಾಳೆ ಹಪ್ಪಳದಂತೆ ಮುರಿಯಿತು. ಕೈಗೆ ಬಂದ ತುಂಡಿನಲ್ಲಿ ಆ ಊರಿನ ಕೆರೆಗೆ ನೀರು ಬಂದದ್ದರ ವರದಿ, ಪಕ್ಕದಲ್ಲಿ ಟೂರಿಂಗ್ ಟಾಕೀಸಿನ ಜಾಹೀರಾತು. ಆ ಊರಿನ ಮೂವತ್ತು ವರ್ಷ ಕಿಲೋ ಲೆಕ್ಕದಲ್ಲಿ ಹೋಯಿತು. ಅಲ್ಲಿಂದ ಒಂದು ಗಂಟೆ ದಾರಿಯಲ್ಲಿ ಪತ್ರಿಕೋದ್ಯಮದ ಸ್ನಾತಕೋತ್ತರ ವಿಭಾಗವಿದೆ.

1843ರ ಜುಲೈ 1ರಂದು ಮಂಗಳೂರಿನಲ್ಲಿ ಜರ್ಮನ್ ಮಿಷನರಿ ಹರ್ಮನ್ ಮೋಗ್ಲಿಂಗ್ ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ ಹೊರತಂದ ನೆನಪಿಗೆ ಪ್ರತಿ ವರ್ಷ ಪತ್ರಿಕಾ ದಿನ ಆಚರಿಸುತ್ತೇವೆ. ನಿಮ್ಮ ವಿಭಾಗಗಳಲ್ಲೂ ಭಾಷಣಗಳಾಗುತ್ತವೆ. ಮೊದಲನೆಯ ಪತ್ರಿಕೆಯ ಮೇಲಿನ ಆ ಪ್ರೀತಿಯಲ್ಲಿ ಒಂದು ಪಾಲು, ನಮ್ಮ ಕಣ್ಣೆದುರೇ ಸಾಯುತ್ತಿರುವ ಪತ್ರಿಕೆಗಳಿಗೂ ಸಿಗಲಿ. 1984ರಲ್ಲಿ ವಡ್ಡರ್ಸೆ ರಘುರಾಮ ಶೆಟ್ಟರು ಓದುಗರಿಂದಲೇ ಬಂಡವಾಳ ಕೂಡಿಸಿ ಕಟ್ಟಿದ ‘ಮುಂಗಾರು’ವಿನಂಥ ಪತ್ರಿಕೆ ಹೇಗೆ ಹುಟ್ಟಿತು, ಯಾಕೆ ಉಳಿಯಲಿಲ್ಲ ಎಂದು ತಿಳಿಯಲು ಅದರ ಸಂಚಿಕೆಗಳು ಬೇಕು, ಲೆಕ್ಕಪತ್ರ ಬೇಕು, ಅಲ್ಲಿ ದುಡಿದವರ ನೆನಪು ಬೇಕು. ಪತ್ರಿಕೆಗಳ ಪ್ರತಿಯನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯದಂಥ, ಕೇಂದ್ರ ಸರ್ಕಾರ ಅಧಿಸೂಚಿಸಿದ ಗ್ರಂಥಾಲಯಗಳಿಗೆ ಸಲ್ಲಿಸಬೇಕೆಂಬ ಕಾನೂನು 1956ರಿಂದ ಇದೆ. ಆದರೆ ಜಿಲ್ಲಾ ಪುಟಗಳ ಅಷ್ಟೂ ಆವೃತ್ತಿಗಳು ಅಲ್ಲಿಗೆ ತಲುಪುತ್ತವೆ ಎಂದು ಕೂತರೆ ಆಗದು. ಇ-ಪೇಪರ್ ಇದೆಯಲ್ಲ ಎನ್ನಬಹುದು. ವರ್ಷಾನುಗಟ್ಟಲೆ ನಮ್ಮ ಪುಟಗಳು ಯೂನಿಕೋಡ್ (ಎಲ್ಲ ಕಂಪ್ಯೂಟರುಗಳೂ ಗುರುತಿಸುವ ಅಕ್ಷರ ಸಂಕೇತ) ಅಲ್ಲದ ಫಾಂಟುಗಳಲ್ಲಿ ಸಿದ್ಧವಾದವು. ಆ ಕಾಲದ ಪಿಡಿಎಫ್‌ನಲ್ಲಿ ‘ಬರ’ ಎಂದು ಹುಡುಕಿದರೆ ಏನೂ ಸಿಗುವುದಿಲ್ಲ. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯ ದೇಶದ ಎಷ್ಟೋ ಹಳೆಯ ಪತ್ರಿಕೆಗಳನ್ನು ‘ಟ್ರೋವ್’ ಎಂಬ ಜಾಲತಾಣದಲ್ಲಿ ಹುಡುಕಲು ಬರುವಂತೆ ಇಟ್ಟಿದೆ. ಯಂತ್ರ ತಪ್ಪಾಗಿ ಓದಿದ ಅಕ್ಷರಗಳನ್ನು ಸಾಮಾನ್ಯ ಓದುಗರೇ ಮನೆಯಲ್ಲಿ ಕೂತು ತಿದ್ದುತ್ತಾರೆ. ಕನ್ನಡದ ಓದುಗರೂ ತಿದ್ದುತ್ತಾರೆ, ಕರೆದರೆ.

ನನ್ನ ಬೇಡಿಕೆಗಳು ದೊಡ್ಡವಲ್ಲ. ಯಾವ ಆವೃತ್ತಿ, ಎಲ್ಲಿ ಸಿಕ್ಕ ಪ್ರತಿ ಎಂದು ನಮೂದಿಸದ, ಕನಿಷ್ಠ ಎರಡು ಆವೃತ್ತಿಗಳನ್ನು ಹೋಲಿಸದ ವಿಷಯ ವಿಶ್ಲೇಷಣೆಯನ್ನು (ಸುದ್ದಿಗಳನ್ನು ಎಣಿಸಿ ಅಳೆಯುವ ಅಧ್ಯಯನವನ್ನು) ದಯವಿಟ್ಟು ಒಪ್ಪಬೇಡಿ. ಸಂಶೋಧನಾ ಪ್ರಸ್ತಾವದ ಸಾರಾಂಶ ಒಪ್ಪುವ ಮೊದಲು ವಿದ್ಯಾರ್ಥಿ ಒಂದು ತಿಂಗಳಾದರೂ ಡೆಸ್ಕಿನಲ್ಲೋ ತಾಲ್ಲೂಕು ವರದಿಗಾರರ ಜೊತೆಗೋ ಇದ್ದು ಬರಲಿ. ಇದಕ್ಕೆ ಪತ್ರಿಕೆಗಳ ಆಡಳಿತ ಮಂಡಳಿಗಳ ಜೊತೆ ವಿಶ್ವವಿದ್ಯಾಲಯವೇ ಒಪ್ಪಂದ ಮಾಡಿಕೊಳ್ಳಬೇಕು, ವಿದ್ಯಾರ್ಥಿಯನ್ನು ಒಬ್ಬಂಟಿಯಾಗಿ ಬಾಗಿಲು ತಟ್ಟಲು ಬಿಡಬಾರದು. ಕನ್ನಡ ಪತ್ರಿಕೆಯ ಮೇಲಿನ ಪ್ರಬಂಧವನ್ನು ಕನ್ನಡದಲ್ಲಿ ಬರೆಯಲು ಪ್ರೋತ್ಸಾಹಿಸಿ. ಇಂಗ್ಲಿಷಿನಲ್ಲೇ ಬರೆದರೂ ಶೀರ್ಷಿಕೆಗಳನ್ನು, ವಾಕ್ಯಗಳನ್ನು ಕನ್ನಡದಲ್ಲೇ ವಿಶ್ಲೇಷಿಸಲಿ. ಮಾತಾಡಿಸಿದವರ ಗುರುತು ಮುಚ್ಚುವುದು ಹೇಗೆ ಎಂಬುದನ್ನು ಕೋರ್ಸ್‌ವರ್ಕ್‌ನಲ್ಲಿ ಕಲಿಸಿ. ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ಅಚ್ಚಿಗೆ ಹೋಗುವ ಮೊದಲು ಅವರ ಮಾತನ್ನು ಅವರಿಗೇ ಒಮ್ಮೆ ಓದಿ ಹೇಳಲಿ. ನಾನು ಬರೆದ ಎರಡು ಪತ್ರಗಳು ಯಾವ ವಿಭಾಗದಲ್ಲಿ ಬಿದ್ದಿವೆಯೋ ಆ ವಿಭಾಗದವರು ಆ ಒಂದು ಪುಟದಿಂದ ಆ ಮೂರು ವಿವರಗಳನ್ನು ಇಂದೇ ತೆಗೆಸಬೇಕೆಂದು ಕೈಮುಗಿದು ಕೇಳುತ್ತೇನೆ. ಹೋದ ಕೆಲಸ ಅದರಿಂದ ವಾಪಸ್ ಬರುವುದಿಲ್ಲ. ಆದರೂ ತೆಗೆಸಬೇಕು.

ಹಾಗೆಯೇ ಪ್ರತಿಯೊಂದು ವಿಭಾಗವೂ ತನ್ನ ಜಿಲ್ಲೆಯ ಪತ್ರಿಕೆಗಳ ಸಂಪುಟಗಳ ಹೊಣೆ ಹೊರಲಿ. ಮೊದಲ ವರ್ಷ ಯಾರ ಮನೆಯಲ್ಲಿ ಏನಿದೆ ಎಂಬ ಪಟ್ಟಿ ಸಾಕು. ಅದಕ್ಕೆ ಅನುದಾನ ಬೇಡ, ಒಂದು ತಂಡ ವಿದ್ಯಾರ್ಥಿಗಳು ಮತ್ತು ಕೆಲವು ಭಾನುವಾರಗಳು ಸಾಕು. ಮಾಧ್ಯಮ ಅಕಾಡೆಮಿ, ಪತ್ರಕರ್ತರ ಸಂಘದ ಜಿಲ್ಲಾ ಘಟಕಗಳು ಜೊತೆಗೆ ಬಂದರೆ ಸ್ಕ್ಯಾನಿಂಗ್ ಆಮೇಲೆ ಶುರುವಾಗಬಹುದು. ಅಂಗಳದಲ್ಲಿ ಉಳಿದಿದ್ದ ಆ ಎರಡು ಸಂಪುಟ ನನ್ನ ಮನೆಯ ಅಟ್ಟದಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದೇನೆ. ಕೈಬಿಟ್ಟ ಸುದ್ದಿಗಳ ನೋಟ್‌ಬುಕ್ಕೂ ಇದೆ. ಮೊದಲು ಬಂದು ಕೇಳುವ ವಿಭಾಗಕ್ಕೆ ಮೂರನ್ನೂ ಕೊಡುತ್ತೇನೆ. ಸಂಜೆ 4ರ ಒಳಗೆ ಬಂದರೆ ಕೂತು ಮಾತಾಡಬಹುದು. 4ರ ಮೇಲೆ ಬಂದರೆ ಪಕ್ಕದಲ್ಲಿ ಒಂದು ಕುರ್ಚಿ ಹಾಕಿಸುತ್ತೇನೆ, ಪುಟ ಹೋಗುವ ತನಕ ಕೂತು ನೋಡಬಹುದು.

ಗೌರವಾದರಗಳೊಂದಿಗೆ,

ತಮ್ಮ ವಿಶ್ವಾಸಿ,
ಜಿಲ್ಲಾ ಡೆಸ್ಕಿನ ಒಬ್ಬ ಉಪಸಂಪಾದಕ